ಸೈಕಲ್ ಮೀಟರ್: ಐನೂರರದ್ದು ಸಾಕಾ, ಜಿಪಿಎಸ್ಸೇ ಬೇಕಾ?

ಪ್ರಶ್ನೆ: ನಾನು ಮಂಡ್ಯದವನು, ವಯಸ್ಸು 36. ಮೂರು ತಿಂಗಳ ಹಿಂದೆ ಗಿಯರ್ ಇರುವ ಹೈಬ್ರಿಡ್ ಸೈಕಲ್ ತಗೊಂಡೆ. ಟೈರ್ ಮೇಲೆ 700x35ಸಿ ಅಂತ ಬರೆದಿದೆ. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ಹೊರಟು 15-20 ಕಿ.ಮೀ. ಓಡಿಸುತ್ತೇನೆ. ಮುಂದಿನ ವರ್ಷ 200 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡುವ ಆಸೆ ಇದೆ. ಈಗ ಒಂದು ಸೈಕಲ್ ಕಂಪ್ಯೂಟರ್ ಹಾಕಿಸಬೇಕು ಅಂತಿದ್ದೇನೆ. ಬಜೆಟ್ ಮೂರು ಸಾವಿರ. ಗೆಳೆಯರು ಸ್ವಲ್ಪ ಕಾದು ಗಾರ್ಮಿನ್ ಕಂಪನಿಯ ಜಿಪಿಎಸ್ ಕಂಪ್ಯೂಟರನ್ನೇ ತಗೋ ಅಂತಾರೆ. ಅಂಗಡಿಯವರು ಐನೂರರ ವೈರ್ ಮೀಟರ್ ಸಾಕು ಅಂತಾರೆ. ಮಗಳು ಫೋನ್ ಇದೆಯಲ್ಲಪ್ಪ, ಅದ್ಯಾಕೆ ಅಂತಾಳೆ. ಯಾರ ಮಾತು ಕೇಳಲಿ? ಪೆಡಲ್ ಎಣಿಸುವ ಕೇಡೆನ್ಸ್ ಸೆನ್ಸರ್ ಕೂಡ ಬೇಕಾ?

ಉತ್ತರ: ನಿಮ್ಮ ಮಗಳು ಹೇಳಿದ್ದೂ ಸರಿ, ಅಂಗಡಿಯವರು ಹೇಳಿದ್ದೂ ಸರಿ. ಇಬ್ಬರ ಮಾತನ್ನೂ ಒಟ್ಟಿಗೆ ಕೇಳಿ. ಹ್ಯಾಂಡಲ್ ಮೇಲೆ ಐನೂರು-ಆರುನೂರರ ವೈರ್ ಮೀಟರ್ ಹಾಕಿಸಿ. ಫೋನನ್ನು ಜೇಬಿನಲ್ಲಿಟ್ಟುಕೊಂಡು ಅದರಲ್ಲಿ ರೈಡ್ ರೆಕಾರ್ಡ್ ಮಾಡಿ. ಉಳಿದ ದುಡ್ಡಿನಲ್ಲಿ ಹಿಂದಕ್ಕೊಂದು, ಮುಂದಕ್ಕೊಂದು ಒಳ್ಳೆಯ ಲೈಟ್ ತಗೊಳ್ಳಿ. ಜಿಪಿಎಸ್ ಕಂಪ್ಯೂಟರಿನ ವಿಚಾರ ಬ್ರೆವೆಗೆ ಹೆಸರು ಕೊಡುವ ಹೊತ್ತಿಗೆ ನೋಡಿಕೊಂಡರಾಯಿತು.

ಲೈಟಿನ ಮಾತು ಮೊದಲು ಹೇಳಿಬಿಡುತ್ತೇನೆ. ನೀವು ಕೇಳಿದ್ದು ಮೀಟರ್ ಬಗ್ಗೆ ಅಂತ ಗೊತ್ತು. ಆದರೆ ಐದೂವರೆಗೆ ಹೊರಡುತ್ತೇನೆ ಅಂದಿರಲ್ಲ, ಅದನ್ನು ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ನಿಮ್ಮ ಕಡೆಯ ರಸ್ತೆ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್, ಎರಡೂ ಕಡೆ ಹೊರಗೆ ಚಾಚಿದ ಕಬ್ಬಿನ ಜಲ್ಲೆ, ಎತ್ತಿನ ಗಾಡಿ. ಮಂಜು ಬೇರೆ. ಅಂಥ ಹೊತ್ತಿನಲ್ಲಿ ನಿಮ್ಮ ಸ್ಪೀಡ್ 21 ಅಂತ ತೋರಿಸುವ ವಸ್ತುವಿಗಿಂತ, ನೀವಿದ್ದೀರಿ ಅಂತ ಹಿಂದಿನವರಿಗೆ ತೋರಿಸುವ ವಸ್ತು ಮುಖ್ಯ. ಮೂರು ಸಾವಿರದಲ್ಲಿ ಎರಡೂ ಆಗುತ್ತದೆ. ಹೇಗಿದ್ದರೂ ಬ್ರೆವೆಯಲ್ಲಿ ಕತ್ತಲಲ್ಲಿ ಓಡಿಸಬೇಕಾದರೆ ಲೈಟು, ಹೊಳೆಯುವ ಜಾಕೆಟ್ ಕಡ್ಡಾಯ. ಹಾಗಾಗಿ ಈ ದುಡ್ಡು ದಂಡವಾಗುವುದಿಲ್ಲ.

ಈಗ ಮೀಟರ್. ವೈರ್ ಮೀಟರ್ ಅಂದ ತಕ್ಷಣ ಹಳೇ ಕಾಲದ್ದು, ಕಡಿಮೆ ಗುಣಮಟ್ಟದ್ದು ಅಂದುಕೊಳ್ಳುವವರು ಜಾಸ್ತಿ. ಒಮ್ಮೆ ಅದು ಕೆಲಸ ಮಾಡುವ ರೀತಿ ನೋಡಿ. ಮುಂದಿನ ಚಕ್ರದ ಒಂದು ಕಡ್ಡಿಗೆ ಸಣ್ಣ ಮ್ಯಾಗ್ನೆಟ್ ಕಟ್ಟುತ್ತಾರೆ. ಆ ಚಕ್ರವನ್ನು ಹಿಡಿದಿರುವ ಫೋರ್ಕಿನ ಮೇಲೆ ಒಂದು ಸೆನ್ಸರ್ ಇರುತ್ತದೆ. ಅದರೊಳಗೆ ಪುಟ್ಟ ಗಾಜಿನ ಕೊಳವೆ, ಕೊಳವೆಯಲ್ಲಿ ಕೂದಲೆಳೆಯಂಥ ಎರಡು ಲೋಹದ ಪಟ್ಟಿ. ಮ್ಯಾಗ್ನೆಟ್ ಎದುರಿಗೆ ಬಂದಾಗ ಆ ಎರಡು ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ, ದಾಟಿ ಹೋದಾಗ ಬಿಡುತ್ತವೆ. ಮೀಟರ್ ಮಾಡುವುದು ಇಷ್ಟೇ: ಎಷ್ಟು ಸಲ ತಾಗಿತು, ಎಷ್ಟು ಹೊತ್ತಿಗೊಮ್ಮೆ ತಾಗಿತು ಅಂತ ಎಣಿಸುವುದು. ಒಂದು ಸುತ್ತಿಗೆ ಚಕ್ರ ಎಷ್ಟು ದೂರ ಹೋಗುತ್ತದೆ ಅಂತ ನಾವು ಮೊದಲೇ ಹೇಳಿಕೊಟ್ಟಿರುತ್ತೇವೆ. ಅದರಿಂದ ಗುಣಿಸಿದರೆ ದೂರ ಬಂತು, ಸ್ಪೀಡ್ ಬಂತು. ಇದಕ್ಕೆ ಉಪಗ್ರಹ ಬೇಡ, ಮರದ ನೆರಳಿನ ತೊಂದರೆ ಇಲ್ಲ, ದಿನಾ ಚಾರ್ಜ್ ಮಾಡುವ ಕಾಟವಿಲ್ಲ. ಒಂದು ಬಟನ್ ಸೆಲ್, ಹೆಚ್ಚಿನವುಗಳಲ್ಲಿ ಸಿಆರ್2032, ತಿಂಗಳುಗಟ್ಟಲೆ ಬರುತ್ತದೆ. ಸರಿಯಾಗಿ ಕೂರಿಸಿದರೆ ದೂರ ಅಳೆಯುವುದರಲ್ಲಿ ಈ ಐನೂರರ ಮೀಟರ್ ದೊಡ್ಡ ಜಿಪಿಎಸ್ಸಿಗೂ ಕಡಿಮೆಯಿಲ್ಲ.

ಎಲ್ಲಾ ನಿಂತಿರುವುದು ಆ ‘ಸರಿಯಾಗಿ’ ಅನ್ನುವ ಮಾತಿನ ಮೇಲೆ. ಕೂರಿಸುವಾಗ ಮಾಡಿದ ತಪ್ಪಿಗೆ ಪಾಪ ಮೀಟರ್ ಬೈಸಿಕೊಳ್ಳುತ್ತದೆ. ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಹಳೇ 26 ಇಂಚಿನ ಸೈಕಲ್ ಮಾರಿ ತೆಳು ಟೈರಿನ ರೋಡ್ ಸೈಕಲ್ ತಗೊಂಡಿದ್ದ. ಸೈಕಲ್ ಹಗುರವಾಗಿದೆ, ಓಡುವುದೂ ಗೊತ್ತಾಗುತ್ತದೆ, ಆದರೆ ಮೀಟರಿನಲ್ಲಿ ಅಂದುಕೊಂಡಷ್ಟು ಬರುತ್ತಿಲ್ಲ ಅಂತ ಬೇಜಾರು ಅವನಿಗೆ. ನೋಡಿದರೆ ಹಳೇ ಮೀಟರನ್ನೇ ಬಿಚ್ಚಿ ಹೊಸದಕ್ಕೆ ಹಾಕಿದ್ದ, ಚಕ್ರದ ಸುತ್ತಳತೆ ಬದಲಿಸಿರಲಿಲ್ಲ. ಅದರಲ್ಲಿ 2050 ಮಿ.ಮೀ. ಅಂತ ಇತ್ತು. ಹೊಸ 700x25ಸಿ ಟೈರಿಗೆ 2105 ಇರಬೇಕು. ಹಾಗಾಗಿ ನೂರಕ್ಕೆ ಸುಮಾರು 2.6ರಷ್ಟು ಕಡಿಮೆ ತೋರಿಸುತ್ತಿತ್ತು. ಅವನು 50 ಕಿ.ಮೀ. ಹೋದರೆ ಮೀಟರ್ 48.7 ಅನ್ನುತ್ತಿತ್ತು. ಎರಡು ನಿಮಿಷದಲ್ಲಿ ಸರಿ ಮಾಡಿ ಕೊಟ್ಟೆ. ಅವನ ಮುಖ ಅರಳಿದ್ದು ಈಗಲೂ ನೆನಪಿದೆ.

ನಿಮ್ಮ 700x35ಸಿ ಟೈರಿಗೆ ಸುತ್ತಳತೆಗಳ ಪಟ್ಟಿಯಲ್ಲಿ ಸಿಗುವ ಸಂಖ್ಯೆ 2168 ಮಿ.ಮೀ. ಅದನ್ನೇ ಹಾಕಿದರೂ ನಡೆಯುತ್ತದೆ. ಆದರೆ ಮನೆಯಲ್ಲೇ ಅಳೆದು ಹಾಕಿ ಅಂತ ನನ್ನ ಒತ್ತಾಯ. ಯಾಕಂದ್ರೆ ನಿಮ್ಮ ತೂಕ, ನೀವು ಹಾಕುವ ಗಾಳಿ, ಆ ಕಂಪನಿಯ ಟೈರಿನ ದಪ್ಪ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಮೊದಲು ಎರಡೂ ಟೈರಿಗೆ ಎಂದಿನಷ್ಟು ಗಾಳಿ ಹಾಕಿ. ಮನೆ ಮುಂದೆ ಸಿಮೆಂಟ್ ನೆಲ ಇದ್ದರೆ ಅಲ್ಲಿ ಸೈಕಲ್ ನೇರವಾಗಿ ನಿಲ್ಲಿಸಿ. ಮುಂದಿನ ಚಕ್ರದ ವಾಲ್ (ಗಾಳಿ ತುಂಬುವ ಮೂತಿ) ಸರಿಯಾಗಿ ಕೆಳಗೆ ಬರಲಿ. ವಾಲ್ ಇರುವ ಕಡೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಈಗ ನೀವು ಸೀಟಿನ ಮೇಲೆ ಕೂತುಕೊಳ್ಳಿ, ಮಗಳು ಹಿಂದಿನಿಂದ ಹಿಡಿದುಕೊಳ್ಳಲಿ. ನಿಧಾನವಾಗಿ ಮುಂದಕ್ಕೆ ಹೋಗಿ. ವಾಲ್ ಒಂದು ಸುತ್ತು ಹಾಕಿ ಮತ್ತೆ ಕೆಳಗೆ ಬಂದಾಗ ನಿಲ್ಲಿಸಿ ಇನ್ನೊಂದು ಗೆರೆ. ನಡುವಿನ ದೂರವನ್ನು ಟೇಪಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಿರಿ. ಮೂರು ಸುತ್ತು ಹೋಗಿ ಮೂರರಿಂದ ಭಾಗಿಸಿದರೆ ಇನ್ನೂ ಒಳ್ಳೆಯದು. ಆ ಸಂಖ್ಯೆಯನ್ನು ಮೀಟರಿಗೆ ಕೊಡಿ. ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಅಗ್ಗದ ಮೀಟರುಗಳಲ್ಲಿ ಸೆಲ್ ತೆಗೆದ ಕೂಡಲೇ ಈ ಸಂಖ್ಯೆಯೂ ಹೋಗುತ್ತದೆ, ಅಲ್ಲಿಯವರೆಗೆ ಓಡಿಸಿದ ಒಟ್ಟು ಕಿಲೋಮೀಟರೂ ಹೋಗುತ್ತದೆ. ಸೆಲ್ ಬದಲಿಸುವ ಮುಂಚೆ ಎರಡನ್ನೂ ಬರೆದುಕೊಳ್ಳುವುದು ಅಭ್ಯಾಸವಾಗಲಿ.

ಮ್ಯಾಗ್ನೆಟ್ಟಿಗೂ ಸೆನ್ಸರಿಗೂ ನಡುವೆ ಸುಮಾರು ಅರ್ಧ ಸೆಂಟಿಮೀಟರ್ ಜಾಗ ಇರಲಿ. ಜಾಸ್ತಿ ದೂರವಾದರೆ ಎಣಿಕೆ ತಪ್ಪುತ್ತದೆ, ತಾಗಿದರೆ ಮುರಿಯುತ್ತದೆ. ವೈರನ್ನು ಬ್ರೇಕ್ ಕೇಬಲ್ಲಿಗೆ ಸುತ್ತಿಕೊಂಡು ಹ್ಯಾಂಡಲ್ಲಿಗೆ ತನ್ನಿ. ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿದಾಗ ವೈರ್ ಎಳೆದುಕೊಳ್ಳಬಾರದು. ಅಂಗಡಿಯಿಂದ ಹೊರಡುವ ಮುಂಚೆಯೇ ಮುಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಸ್ಪೀಡ್ ಬರುತ್ತದಾ ನೋಡಿ. ನನ್ನ ಮೊದಲ ಮೀಟರ್ ಚಾಮುಂಡಿ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಸೊನ್ನೆ ತೋರಿಸತೊಡಗಿತು. ಕೆಟ್ಟೇ ಹೋಯಿತು ಅಂದುಕೊಂಡು ವಾಪಸ್ ಬಂದೆ. ಮನೆಗೆ ಬಂದು ನೋಡಿದರೆ ಮ್ಯಾಗ್ನೆಟ್ಟಿನ ಸ್ಕ್ರೂ ಸಡಿಲವಾಗಿ ಅದು ಕಡ್ಡಿಯ ಮೇಲೆ ಕೆಳಗೆ ಜಾರಿತ್ತು, ಅಷ್ಟೇ. ಮಳೆಗಾಲದಲ್ಲಿ ಇನ್ನೊಂದು ತೊಂದರೆ ಬರುತ್ತದೆ. ಮೀಟರ್ ಕೂರುವ ಸ್ಟ್ಯಾಂಡಿನಲ್ಲಿ ಎರಡು ಲೋಹದ ಚುಕ್ಕಿ ಇರುತ್ತವೆ. ಅಲ್ಲಿ ನೀರು ನಿಂತು ಹಸಿರು ಕಿಲುಬು ಕಟ್ಟುತ್ತದೆ. ಬಟ್ಟೆಯಲ್ಲಿ ಒರೆಸಿ, ಚೂರೇ ಚೂರು ಗ್ರೀಸ್ ಸವರಿದರೆ ಮತ್ತೆ ಸರಿಹೋಗುತ್ತದೆ.

ವೈರ್ ಬೇಡ, ವೈರ್‌ಲೆಸ್ ಇರಲಿ ಅಂತ ಅಂಗಡಿಯಲ್ಲಿ ಸಾವಿರದ ಆಸುಪಾಸಿನ ಒಂದು ಮೀಟರ್ ತೋರಿಸಬಹುದು. ಅದನ್ನು ತಗೋಬೇಡಿ. ಆ ಬೆಲೆಯ ವೈರ್‌ಲೆಸ್ ಮೀಟರುಗಳ ಸಿಗ್ನಲ್ ತುಂಬಾ ಸರಳವಾದದ್ದು. ಪಕ್ಕದಲ್ಲೇ ಎಲ್‌ಇಡಿ ಲೈಟ್ ಹಾಕಿದರೆ ಗೊಂದಲವಾಗಿ, ನಿಂತ ಸೈಕಲ್ಲಿಗೂ 40 ಕಿ.ಮೀ. ಸ್ಪೀಡ್ ತೋರಿಸಿಬಿಡುತ್ತದೆ. ವೈರ್ ಇರುವುದರಲ್ಲೇ ಇನ್ನೂ ಗಟ್ಟಿಯಾದದ್ದು ಬೇಕಾದರೆ ಜಪಾನಿನ ಕ್ಯಾಟ್‌ಐ, ಜರ್ಮನಿಯ ಸಿಗ್ಮಾ ಇವೆ. ಸುಮಾರು ಒಂದೂವರೆ ಸಾವಿರದಿಂದ ಶುರು. ಚೆನ್ನಾಗಿ ಬಾಳುತ್ತವೆ. ಆದರೆ ನಿಮ್ಮ ಬಜೆಟ್ಟಿನಲ್ಲಿ ಆ ಹೆಚ್ಚಿನ ಸಾವಿರ ಲೈಟಿಗೆ ಹೋಗಲಿ ಅಂತ ನನ್ನ ಮನಸ್ಸು.

ಫೋನಿನ ಮಾತಿಗೆ ಬರೋಣ. ಸ್ಟ್ರಾವಾದಂಥ ಆ್ಯಪ್‌ನಲ್ಲಿ ಬಿಟ್ಟಿಯಾಗಿಯೇ ರೈಡ್ ರೆಕಾರ್ಡ್ ಮಾಡಬಹುದು. ಎಲ್ಲಿ ಹೋದಿರಿ, ಎಷ್ಟು ಏರು ಹತ್ತಿದಿರಿ, ಹೋದ ತಿಂಗಳಿಗಿಂತ ಈ ತಿಂಗಳು ಎಷ್ಟು ಜಾಸ್ತಿ, ಎಲ್ಲಾ ಸಿಗುತ್ತದೆ. ಇದು ವೈರ್ ಮೀಟರಿನ ಕೈಲಾಗದ ಕೆಲಸ. ಆದರೆ ಫೋನನ್ನು ಹ್ಯಾಂಡಲ್ ಮೇಲೆ ಕಟ್ಟಬೇಡಿ. ಸ್ಕ್ರೀನ್ ಪೂರ್ತಿ ಹೊತ್ತು ಉರಿಯುತ್ತಿದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ, ಬಿಸಿಲಿಗೆ ಕಾದು ಆಫ್ ಆಗುತ್ತದೆ, ಗುಂಡಿಗೆ ಇಳಿದಾಗ ಹಾರಿ ಬೀಳುವ ಭಯ. ಎಲ್ಲಕ್ಕಿಂತ ಹೆಚ್ಚಾಗಿ, ದಾರಿಯಲ್ಲಿ ಏನಾದರೂ ಆದರೆ ಮನೆಗೆ ಫೋನ್ ಮಾಡಲು ಚಾರ್ಜ್ ಉಳಿದಿರಬೇಕಲ್ವಾ? ಜೇಬಿನಲ್ಲಿ ಸ್ಕ್ರೀನ್ ಆರಿಸಿಟ್ಟರೆ ಎರಡು ಮೂರು ಗಂಟೆಯ ರೈಡ್ ಆರಾಮಾಗಿ ಆಗುತ್ತದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ಮಧ್ಯದಲ್ಲೇ ನಿಲ್ಲಿಸದಂತೆ ಮಾತ್ರ ನೋಡಿಕೊಳ್ಳಿ. ಹಾಗೆಯೇ ನಿಮ್ಮ ಮನೆಯ ಸುತ್ತಮುತ್ತಲ ಜಾಗ ನಕ್ಷೆಯಲ್ಲಿ ಬೇರೆಯವರಿಗೆ ಕಾಣದಂತೆ ಮರೆಮಾಡುವ ಸೆಟ್ಟಿಂಗ್ ಇದೆ. ಅದನ್ನು ಮೊದಲ ದಿನವೇ ಹಾಕಿ.

ಮೀಟರಿನಲ್ಲಿ 18.4 ಬಂದು ಫೋನಿನಲ್ಲಿ 18.2 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಜಿಪಿಎಸ್ ಆಗಾಗ ನೀವಿರುವ ಜಾಗಕ್ಕೆ ಒಂದೊಂದು ಚುಕ್ಕಿ ಇಟ್ಟು, ಆ ಚುಕ್ಕಿಗಳನ್ನು ಗೆರೆ ಎಳೆದು ಸೇರಿಸುತ್ತದೆ. ಪ್ರತಿ ಚುಕ್ಕಿಯೂ ಕೆಲವು ಮೀಟರ್ ಆಚೆ ಈಚೆ ಇರಬಹುದು. ದಟ್ಟ ಮರ, ಬೆಟ್ಟದ ತಿರುವುಗಳಲ್ಲಿ ಗೆರೆ ಅಡ್ಡದಾರಿ ಹಿಡಿದು ದೂರ ಕಡಿಮೆಯಾಗುತ್ತದೆ. ಅಳೆದು ಕೂರಿಸಿದ ಮೀಟರ್ ಇದ್ದರೆ ನಾನು ಮೀಟರನ್ನೇ ನಂಬುತ್ತೇನೆ.

ಕೇಡೆನ್ಸ್ ಬಗ್ಗೆ ಕೇಳಿದ್ದು ನನಗೆ ಖುಷಿಯಾಯಿತು. ಹೊಸಬರು ಸ್ಪೀಡ್ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ. ಕೇಡೆನ್ಸ್ ಅಂದರೆ ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಸುತ್ತುತ್ತದೆ ಅನ್ನುವುದು. ಹೊಸದರಲ್ಲಿ ಎಲ್ಲರೂ ಭಾರದ ಗಿಯರ್ ಹಾಕಿ 55-60ರಲ್ಲಿ ಒತ್ತುತ್ತಾರೆ. ಬಲ ಹಾಕಿ ತುಳಿದರೇ ವ್ಯಾಯಾಮ ಅನ್ನುವ ನಂಬಿಕೆ. ನಾನೂ ಒಂದು ವರ್ಷ ಹಾಗೇ ತುಳಿದೆ. ಮಂಡಿಯ ಮುಂಭಾಗದಲ್ಲಿ ನೋವು ಶುರುವಾಯಿತು, ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳುತ್ತಿತ್ತು. ಗಿಯರ್ ಹಗುರ ಮಾಡಿ 80ರ ಹತ್ತಿರ ತಿರುಗಿಸುವುದು ಕಲಿತ ಮೇಲೆ ಹೋಯಿತು. ಆದರೆ ಇದಕ್ಕೆ ಸಾವಿರದ ಮೇಲೆ ಕೊಟ್ಟು ಸೆನ್ಸರ್ ತಗೊಳ್ಳುವುದು ಈಗ ಬೇಡ. ನಿಮ್ಮ ವೈರ್ ಮೀಟರ್ ಜೊತೆ ಅದು ಮಾತಾಡುವುದೂ ಇಲ್ಲ. ಮೀಟರಿನಲ್ಲಿ ಗಡಿಯಾರ ಇದೆಯಲ್ಲ, ಅದು ಸಾಕು. ಖಾಲಿ, ಸಪಾಟು ರಸ್ತೆಯಲ್ಲಿ 15 ಸೆಕೆಂಡ್ ಬಲ ಮಂಡಿ ಎಷ್ಟು ಸಲ ಮೇಲೆ ಬಂತು ಅಂತ ಎಣಿಸಿ, ನಾಲ್ಕರಿಂದ ಗುಣಿಸಿ. 20 ಬಂದರೆ 80. 14-15 ಬಂದರೆ ಗಿಯರ್ ಒಂದು ಹಗುರ ಮಾಡಿ. ಎರಡು ವಾರ ಹೀಗೆ ಮಾಡಿದರೆ ಆಮೇಲೆ ಎಣಿಸದೆಯೇ ಕಾಲಿಗೆ ಗೊತ್ತಾಗುತ್ತದೆ.

ಹಾಗಾದರೆ ಜಿಪಿಎಸ್ ಕಂಪ್ಯೂಟರ್ ಯಾವಾಗ? ಗೊತ್ತಿಲ್ಲದ ದಾರಿಯಲ್ಲಿ ದಿನಪೂರ್ತಿ ಓಡಿಸುವ ಕಾಲ ಬಂದಾಗ. ಬ್ರೆವೆ ಅಂದರೆ ಅದೇ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ. ದಾರಿಯ ಜಿಪಿಎಕ್ಸ್ ಫೈಲ್, ಅಂದರೆ ನಕ್ಷೆಯ ಮೇಲಿನ ದಾರಿಯ ಗೆರೆ ಇರುವ ಫೈಲ್, ಮೊದಲೇ ಸಿಗುತ್ತದೆ, ಅದನ್ನು ಕಂಪ್ಯೂಟರಿಗೆ ಹಾಕಿದರೆ ತಿರುವು ತಪ್ಪುವುದಿಲ್ಲ. ಹಾಗಂತ ಅದಿಲ್ಲದೆ ಆಗುವುದೇ ಇಲ್ಲ ಅಂತಲ್ಲ. ಜಿಪಿಎಸ್ ಬರುವ ಮುಂಚೆ ಬ್ರೆವೆ ಮಾಡಿದವರೆಲ್ಲ ಒಂದು ಕಾಗದ, ಒಂದು ಮೀಟರ್ ಹಿಡಿದುಕೊಂಡೇ ಹೋದವರು. ಕಾಗದದಲ್ಲಿ ‘47.3 ಕಿ.ಮೀ., ಬಲಕ್ಕೆ’ ಅಂತ ಇರುತ್ತದೆ, ಮೀಟರ್ 47 ದಾಟಿದ ಕೂಡಲೇ ಕಣ್ಣು ಬಲಗಡೆ. ಸೀಮೆಸುಣ್ಣ ಹಿಡಿದು ಅಳೆಯಿರಿ ಅಂತ ಅಷ್ಟು ಹೇಳಿದ್ದು ಇದಕ್ಕೇ.

ಬ್ರೆವೆ ಯೋಚನೆ ಇರುವುದರಿಂದ ಮೀಟರಿನ ಸರಾಸರಿಯ ಬಗ್ಗೆ ಒಂದು ಎಚ್ಚರಿಕೆ. ಮೀಟರ್ ತೋರಿಸುವುದು ಚಕ್ರ ತಿರುಗುತ್ತಿದ್ದ ಹೊತ್ತಿನ ಸರಾಸರಿ. ನೀವು ಇಡ್ಲಿ ತಿನ್ನಲು ನಿಂತ ಅರ್ಧ ಗಂಟೆ ಅದಕ್ಕೆ ಲೆಕ್ಕವಿಲ್ಲ. ಬ್ರೆವೆಗೆ ಲೆಕ್ಕವಿದೆ. ಓಡುವಾಗ ಸರಾಸರಿ 20 ಇದ್ದರೆ 200 ಕಿ.ಮೀ.ಗೆ ಹತ್ತು ಗಂಟೆ, ಊಟ-ತಿಂಡಿ-ಪಂಕ್ಚರ್‌ಗೆ ಮೂರೂವರೆ ಗಂಟೆ ಉಳಿಯುತ್ತದೆ. ಓಡುವಾಗಲೇ 16 ಇದ್ದರೆ ಹನ್ನೆರಡೂವರೆ ಗಂಟೆ ಸೀಟಿನ ಮೇಲೆಯೇ ಹೋಯಿತು, ಉಳಿದದ್ದು ಒಂದೇ ಗಂಟೆ. ಈಗಿನಿಂದಲೇ ಭಾನುವಾರದ ಉದ್ದ ರೈಡಿನಲ್ಲಿ ಹೊರಟ ಹೊತ್ತು, ಮನೆ ಸೇರಿದ ಹೊತ್ತು ಎರಡನ್ನೂ ಬರೆದಿಡಿ. ಮೀಟರಿನ ಸರಾಸರಿಯ ಪಕ್ಕದಲ್ಲಿ ಈ ಸರಾಸರಿಯನ್ನೂ ಇಟ್ಟು ನೋಡಿ. ಸ್ಪೀಡ್ ಹೆಚ್ಚಿಸುವುದಕ್ಕಿಂತ ನಿಲ್ಲುವುದನ್ನು ಕಡಿಮೆ ಮಾಡುವುದು ಸುಲಭ ಅಂತ ಬೇಗ ಗೊತ್ತಾಗುತ್ತದೆ.

ಮುಂದೆ ಜಿಪಿಎಸ್ ತಗೊಳ್ಳುವಾಗ ಝಾಸ್, ಐಜಿಪಿಸ್ಪೋರ್ಟ್, ಕೂಸ್ಪೋ, ಮಜೀನ್, ಬ್ರೈಟನ್, ಈ ಕಂಪನಿಗಳಲ್ಲೇ ನೋಡಿ. ನಿಮ್ಮ ಮೂರು ಸಾವಿರದ ಆಸುಪಾಸಿನಲ್ಲೂ ಒಂದು ಜಿಪಿಎಸ್ ಸಿಗುತ್ತದೆ, ಸುಳ್ಳಲ್ಲ. ಆದರೆ ಆ ಬೆಲೆಯದ್ದರಲ್ಲಿ ದಾರಿ ತೋರಿಸುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಸ್ಪೀಡ್, ದೂರ, ರೆಕಾರ್ಡಿಂಗ್ ಇರುತ್ತದೆ. ಅಂದರೆ ನಿಮ್ಮ ಮೀಟರೂ ಫೋನೂ ಸೇರಿ ಈಗಾಗಲೇ ಮಾಡುವ ಕೆಲಸ. ಅದಕ್ಕೇ ಈಗ ಬೇಡ ಅಂದೆ. ಇನ್ನೊಂದಿಷ್ಟು ಸಾವಿರ ಕೂಡಿಸಿ ದಾರಿಯ ಗೆರೆಯನ್ನಾದರೂ ತೋರಿಸುವಂಥದ್ದನ್ನೇ ತಗೊಳ್ಳಿ. ಬಣ್ಣದ ಸ್ಕ್ರೀನ್, ಟಚ್ ಸ್ಕ್ರೀನ್ ಅಂತ ಆಸೆಪಡಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಪ್ಪು-ಬಿಳುಪೇ ಚೆನ್ನಾಗಿ ಕಾಣುವುದು, ಬೆವರಿನ ಕೈಗೆ ಬಟನ್ನೇ ಒಳ್ಳೆಯದು. ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡಿ. ಬ್ಯಾಟರಿ ಬ್ರೆವೆಯ ಹದಿಮೂರೂವರೆ ಗಂಟೆಗಿಂತ ಸಾಕಷ್ಟು ಜಾಸ್ತಿ ಬರಬೇಕು. ವೈರ್ ಇಲ್ಲದೆ ಸೆನ್ಸರ್ ಜೋಡಿಸುವ ಆ್ಯಂಟ್ ಪ್ಲಸ್, ಬ್ಲೂಟೂತ್ ಎರಡೂ ಇದ್ದರೆ ಆಗ ಬೇಕಾದರೆ ಕೇಡೆನ್ಸ್ ಸೆನ್ಸರ್ ಸೇರಿಸಿಕೊಳ್ಳಬಹುದು, ಯಾವ ಕಂಪನಿಯದ್ದಾದರೂ ನಡೆಯುತ್ತದೆ. ಗಾರ್ಮಿನ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾರಕ್ಕೆ ಎಂಬತ್ತು ಕಿಲೋಮೀಟರ್ ಓಡಿಸುವವರು ಸೈಕಲ್ಲಿನ ಬೆಲೆಯನ್ನೇ ಅದಕ್ಕೆ ಹಾಕುವುದು ಬೇಡ. ಗೆಳೆಯರು ಹೊಸದು ತಗೊಂಡು ಹಳೆಯದು ಮಾರುವಾಗ ಬೇಕಾದರೆ ಕೇಳಿ. ಅದರ ಬ್ಯಾಟರಿ ಈಗ ನಿಜವಾಗಿ ಎಷ್ಟು ಹೊತ್ತು ಬರುತ್ತದೆ ಅಂತ ಒಂದು ದಿನ ಓಡಿಸಿ ನೋಡಿಯೇ ದುಡ್ಡು ಕೊಡಿ.

ದಾರಿ ಹಾಕುವಾಗ ನಿಮ್ಮ ಊರಿನವರು ನೋಡಿಕೊಳ್ಳಬೇಕಾದ ಒಂದು ಸಂಗತಿ ಇದೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಫೋನಿನ ನಕ್ಷೆಯಲ್ಲಿ ಕಾರಿನ ದಾರಿ ತೆಗೆದು ಅದನ್ನೇ ಕಂಪ್ಯೂಟರಿಗೆ ಹಾಕಿದರೆ ಅದು ನೇರ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಸರ್ವೀಸ್ ರಸ್ತೆಯನ್ನೋ ಒಳದಾರಿಯನ್ನೋ ನೀವೇ ಕೂತು ಗುರುತು ಹಾಕಿಕೊಳ್ಳಬೇಕು. ಒಳದಾರಿ ಅಂದರೆ ಎಷ್ಟೋ ಕಡೆ ನಾಲೆ ಏರಿ. ತಡೆಗೋಡೆ ಇಲ್ಲದ ಏರಿ ಮೇಲೆ ಹೋಗುವಾಗ ಮೀಟರ್ ಇದೆ ಅನ್ನುವುದನ್ನೇ ಮರೆತುಬಿಡಿ. ಸ್ಪೀಡ್ ನೋಡುವ ಚಟ ಹೊಸದರಲ್ಲಿ ಎಲ್ಲರಿಗೂ ಹಿಡಿಯುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ಸ್ಕ್ರೀನ್ ಕಡೆ ನೋಡಲೇಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಸೀಮೆಸುಣ್ಣದ ಅಳತೆ ಎಷ್ಟು ಬಂತು ಅಂತ ಬರೆದು ತಿಳಿಸಿ. 2168ಕ್ಕಿಂತ ತುಂಬಾ ಕಡಿಮೆ ಬಂದಿದ್ದರೆ ಟೈರಿನಲ್ಲಿ ಗಾಳಿ ಸಾಲದಿರಬಹುದು, ಮೀಟರಿಗೆ ಸಂಖ್ಯೆ ಹಾಕುವ ಮುಂಚೆ ಪಂಪ್ ತಗೊಂಡು ಅದನ್ನು ನೋಡಿ.